ಮಾರಾ ನದಿಯ ದಡದಲ್ಲಿ, ಬೇಲಿಯಿಲ್ಲದ ಡೇರೆಯಲ್ಲಿ: ಒಂದು ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನ ಸದಸ್ಯೆ):

ನಮಸ್ಕಾರ ಸರ್. ಬರುವ ಆಗಸ್ಟ್‌ನಲ್ಲಿ ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆಯವರು ಕೀನ್ಯಾದ ಮಸಾಯ್ ಮಾರಾ ವನ್ಯಜೀವಿ ಮೀಸಲು ಪ್ರದೇಶಕ್ಕೆ ಹೋಗಬೇಕೆಂದಿದ್ದೇವೆ. ಮಾರಾ ನದಿಯ ದಡದಲ್ಲೇ ಇರುವ, ಎಂಟೇ ಡೇರೆಗಳ ಒಂದು ಚಿಕ್ಕ ಶಿಬಿರವನ್ನು ನೋಡಿಟ್ಟಿದ್ದೇವೆ. ಮುಂಗಡ ಹಣ ಇನ್ನೂ ಕಟ್ಟಿಲ್ಲ. ಶಿಬಿರಕ್ಕೆ ಬೇಲಿಯಿಲ್ಲವೆಂದೂ ರಾತ್ರಿ ನೀರಾನೆಗಳು ಡೇರೆಗಳ ನಡುವೆಯೇ ಮೇಯುತ್ತವೆಂದೂ ಅವರೇ ಹೆಮ್ಮೆಯಿಂದ ಬರೆದುಕೊಂಡಿದ್ದಾರೆ. ಕಬಿನಿಯಲ್ಲಿ ಎರಡು ಬಾರಿ ಉಳಿದಿದ್ದೇವಾದರೂ ಅಲ್ಲಿ ಗೋಡೆಯಿತ್ತು, ಬಾಗಿಲಿಗೆ ಚಿಲಕವಿತ್ತು. ಬಟ್ಟೆಯ ಗೋಡೆಯನ್ನು ನಂಬಿ ಮಲಗಬಹುದೇ? ಅತ್ತೆಯವರು ರಾತ್ರಿ ಎರಡು ಬಾರಿಯಾದರೂ ಎದ್ದೇಳುತ್ತಾರೆ ಎಂಬುದು ನನ್ನ ದೊಡ್ಡ ಚಿಂತೆ.

ಉತ್ತರ (ಹಿಂದೆ ಮಾರಾದಲ್ಲಿ ಶಿಬಿರವೊಂದನ್ನು ನೋಡಿಕೊಳ್ಳುತ್ತಿದ್ದ, ಈಗ ಬೆಂಗಳೂರಿನಿಂದ ತಂಡಗಳನ್ನು ಕರೆದೊಯ್ಯುವ ಸದಸ್ಯರು):

ನಮಸ್ಕಾರ ಮೇಡಂ. ಡೇರೆಯ ಒಳಗೆ ಜಿಪ್ ಎಳೆದುಕೊಂಡು ಮಲಗಿದವರಿಗೆ ನೀರಾನೆಯಿಂದ ತೊಂದರೆಯಾದದ್ದನ್ನು ನನ್ನ ಕೆಲಸದ ಕಾಲದಲ್ಲಿ ಒಮ್ಮೆಯೂ ಕಂಡಿಲ್ಲ. ಪ್ರಾಣಿಯ ಕಣ್ಣಿಗೆ ಡೇರೆಯೆಂದರೆ ಒಂದು ದೊಡ್ಡ ಬಂಡೆ ಅಥವಾ ಪೊದೆಯಿದ್ದ ಹಾಗೆ. ಅದು ಸುತ್ತಿಕೊಂಡು ಹೋಗುತ್ತದೆ. ನೀವು ಭಯಪಡಬೇಕಾದದ್ದು ಡೇರೆಗಲ್ಲ, ಡೇರೆಯಿಂದ ಊಟದ ಜಾಗಕ್ಕಿರುವ ಆ ಐವತ್ತು ಹೆಜ್ಜೆಯ ಕತ್ತಲೆ ದಾರಿಗೆ.

ಇದಕ್ಕೆ ಕಾರಣ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನೀರಾನೆಯ ಚರ್ಮ ಬಿಸಿಲಿಗೆ ಬೇಗ ಒಣಗಿ ಬಿರಿಯುವುದರಿಂದ ಅದು ಹಗಲಿಡೀ ನೀರಿನಲ್ಲೇ ಬಿದ್ದುಕೊಂಡಿದ್ದು, ಸೂರ್ಯ ಮುಳುಗಿದ ಮೇಲೆ ದಡ ಹತ್ತಿ, ಒಂದೇ ರಾತ್ರಿಯಲ್ಲಿ ಸುಮಾರು 40 ಕಿಲೋ ಹುಲ್ಲು ಮೇದು, ಬೆಳಗಾಗುವುದರೊಳಗೆ ಮತ್ತೆ ನೀರಿಗೆ ಇಳಿಯುತ್ತದೆ. ಅದು ಹತ್ತುವ, ಇಳಿಯುವ ದಾರಿ ದಿನವೂ ಒಂದೇ. ಮಣ್ಣಿನ ದಡದಲ್ಲಿ ಎತ್ತಿನ ಗಾಡಿಯ ಜಾಡಿನಂತೆ ಆಳವಾದ ಕೊರಕಲು ಬಿದ್ದಿರುತ್ತದೆ. ಒಂದೂವರೆ ಟನ್ ತೂಗುವ ಈ ಪ್ರಾಣಿ ಬೆದರಿದಾಗ ನೀರಿನ ಕಡೆಗೇ ಓಡುತ್ತದೆ, ಅದೂ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ. ಅದಕ್ಕೂ ನೀರಿಗೂ ನಡುವೆ ಯಾರಾದರೂ ನಿಂತಿದ್ದರೆ ಅವರ ಗತಿ ಹೇಳಬೇಕಾಗಿಲ್ಲ. ನದಿಯ ದಡದ ಶಿಬಿರಗಳ ಕಟ್ಟುನಿಟ್ಟೆಲ್ಲ ಇದೊಂದೇ ಲೆಕ್ಕಾಚಾರದ ಮೇಲೆ ನಿಂತಿದೆ.

ಆದ್ದರಿಂದ ಕತ್ತಲಾದ ಮೇಲೆ ಯಾರೂ ಒಂಟಿಯಾಗಿ ಡೇರೆಯಿಂದ ಹೊರಗೆ ಬರುವಂತಿಲ್ಲ. ‘ಅಸ್ಕಾರಿ’ ಎಂದು ಕರೆಯುವ ಕಾವಲುಗಾರರು, ಸಾಮಾನ್ಯವಾಗಿ ಆಸುಪಾಸಿನ ಮಸಾಯ್ ಹಳ್ಳಿಗಳವರು, ಟಾರ್ಚು ಹಿಡಿದು ನಿಮ್ಮನ್ನು ಊಟಕ್ಕೆ ಕರೆದೊಯ್ದು ಮತ್ತೆ ಬಿಟ್ಟು ಹೋಗುತ್ತಾರೆ. ಅವರು ನಿಲ್ಲಿ ಎಂದರೆ ನಿಲ್ಲಬೇಕು, ಹಿಂದೆ ಸರಿಯಿರಿ ಎಂದರೆ ಸರಿಯಬೇಕು. ಮೊಬೈಲು ತೆಗೆದು ಫೋಟೋ ಹಿಡಿಯುವ ಹೊತ್ತು ಅದಲ್ಲ. ಅತ್ತೆಯವರ ವಿಷಯದಲ್ಲಿ ನಿಶ್ಚಿಂತೆಯಾಗಿರಿ. ಈಗಿನ ಬಹುತೇಕ ಶಿಬಿರಗಳಲ್ಲಿ ಶೌಚಾಲಯ ಡೇರೆಯ ಹಿಂಬದಿಗೇ ಹೊಂದಿಕೊಂಡು, ಅದೇ ಬಟ್ಟೆಯ ಗೋಡೆಯೊಳಗೆ ಇರುತ್ತದೆ. ಆದರೂ ಮುಂಗಡ ಕಟ್ಟುವ ಮೊದಲು ‘ಶೌಚಾಲಯಕ್ಕೆ ಹೋಗಲು ಡೇರೆಯ ಹೊರಗೆ ಕಾಲಿಡಬೇಕೇ’ ಎಂದು ನೇರವಾಗಿ ಕೇಳಿ. ಹೌದೆಂದರೆ ಬೇರೆ ಶಿಬಿರ ನೋಡಿಕೊಳ್ಳಿ.

ಮೊದಲ ರಾತ್ರಿ ನಿಮಗೆ ನಿದ್ದೆ ಬಾರದಿರುವ ಸಂಭವವೇ ಹೆಚ್ಚು. ನೀರಾನೆ ಹಲ್ಲಿನಿಂದಲ್ಲ, ತುಟಿಯಿಂದ ಹುಲ್ಲು ಕೀಳುತ್ತದೆ. ದಿಂಬಿನಿಂದ ಎರಡು ಮೊಳದಾಚೆ, ಬಟ್ಟೆಯ ಅತ್ತ ಬದಿಯಲ್ಲಿ, ಕೊಟ್ಟಿಗೆಯ ಎಮ್ಮೆ ಹಸಿಹುಲ್ಲು ಎಳೆಯುವ ಸದ್ದನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದಂತೆ ‘ಪರ್, ಪರ್’ ಎಂದು ಕೇಳುತ್ತಿರುತ್ತದೆ. ಒಮ್ಮೆ ನನ್ನ ಡೇರೆಯ ಹಗ್ಗಕ್ಕೆ ಅದರ ಮೈ ತಾಗಿ, ಹಗ್ಗ ತಂಬೂರಿಯ ತಂತಿಯಂತೆ ಮಿಡಿದು, ಮಂಚದ ಕಾಲಿನವರೆಗೂ ಅದುರಿತು. ಮರುಕ್ಷಣ ಮತ್ತೆ ಅದೇ ‘ಪರ್, ಪರ್’. ಎರಡನೆಯ ರಾತ್ರಿಯ ಹೊತ್ತಿಗೆ ಆ ಸದ್ದಿಗೇ ನಿದ್ದೆ ಬರತೊಡಗುತ್ತದೆ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):

ಎರಡು ವರ್ಷದ ಹಿಂದೆಯೋ ಏನೋ, ಮಾರಾದ ಶಿಬಿರಗಳು ನೆರೆಯಲ್ಲಿ ಮುಳುಗಿದ ಸುದ್ದಿ ಓದಿದ ನೆನಪು. ನದಿಯ ದಡವನ್ನೇ ಆರಿಸಿಕೊಳ್ಳುವುದು ಜಾಣತನವೇ? ಜೊತೆಗೆ, ವೈಲ್ಡ್‌ಬೀಸ್ಟ್‌ಗಳು (ಹಿಂಡುಹಿಂಡಾಗಿ ವಲಸೆ ಹೋಗುವ ಹುಲ್ಲೆ ಜಾತಿಯ ಪ್ರಾಣಿಗಳು) ನದಿ ದಾಟುವುದು ಡೇರೆಯಿಂದಲೇ ಕಾಣುತ್ತದೆಂದು ಜಾಹೀರಾತುಗಳಲ್ಲಿ ಹೇಳುತ್ತಾರಲ್ಲ, ಅದರಲ್ಲಿ ಎಷ್ಟು ನಿಜ?

ಉತ್ತರ:

ಸರ್, ನೀವು ಓದಿದ್ದು 2024ರ ಏಪ್ರಿಲ್ ಕೊನೆ, ಮೇ ಮೊದಲ ದಿನಗಳ ಸುದ್ದಿ. ಮಾರಾದ ಉಪನದಿಯಾದ ತಲೇಕ್ ರಾತ್ರೋರಾತ್ರಿ ಉಕ್ಕಿ ಹತ್ತಕ್ಕೂ ಹೆಚ್ಚು ಶಿಬಿರಗಳು ನೀರಿನಲ್ಲಿ ಮುಳುಗಿದವು. ಹೆಲಿಕಾಪ್ಟರ್ ತಂದು ಪ್ರವಾಸಿಗರನ್ನು ಪಾರುಮಾಡಬೇಕಾಯಿತು. ಮಾರ್ಚ್‌ನಿಂದ ಮೇವರೆಗೆ ಅಲ್ಲಿಯ ದೊಡ್ಡ ಮಳೆಗಾಲ. ಆ ತಿಂಗಳುಗಳಲ್ಲಿ ನದಿಯ ದಡದ ತಗ್ಗು ಶಿಬಿರಕ್ಕೆ ಹೋಗಬೇಡಿರೆಂದೇ ನಾನು ಹೇಳುತ್ತೇನೆ. ಆಗಸ್ಟ್‌ನ ಮಾತು ಬೇರೆ. ಆದರೂ ಒಂದು ಸಂಗತಿ ಗಮನದಲ್ಲಿರಲಿ: ಮಾರಾ ನದಿ ಹುಟ್ಟುವುದು ಉತ್ತರದ ಮೌ ಬೆಟ್ಟಸಾಲಿನಲ್ಲಿ, ಅಲ್ಲಿಂದ ಸುಮಾರು 395 ಕಿಲೋಮೀಟರ್ ಹರಿದು, ಟಾಂಜಾನಿಯಾದ ಸೆರೆಂಗೆಟಿಯನ್ನು ಹಾದು ವಿಕ್ಟೋರಿಯಾ ಸರೋವರ ಸೇರುತ್ತದೆ. ಮಳೆ ಬೆಟ್ಟದಲ್ಲಿ ಬಿದ್ದರೆ ಸಾಕು, ಶಿಬಿರದ ಮೇಲೆ ಒಂದು ಹನಿಯೂ ಬೀಳದೆ ಬೆಳಗಾಗುವಷ್ಟರಲ್ಲಿ ನೀರು ಕೆಂಪಗೆ ಏರಿರುತ್ತದೆ. ಕೊಡಗಿನಲ್ಲಿ ಮಳೆಯಾದರೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ಏರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಡ ನೀರಿನಿಂದ ಎಷ್ಟು ಎತ್ತರದಲ್ಲಿದೆ, ಡೇರೆ ನದಿಯ ತಿರುವಿನ ಒಳಬದಿಯಲ್ಲಿದೆಯೋ ಹೊರಬದಿಯಲ್ಲಿದೆಯೋ ಎಂದು ಕೇಳಿ. ಹೊರಬದಿಯ ದಡವನ್ನು ನೀರು ಪ್ರತಿವರ್ಷ ಕೊರೆಯುತ್ತದೆ.

ಇನ್ನು ನದಿ ದಾಟುವ ದೃಶ್ಯ. ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್‌ವರೆಗೆ ಹಿಂಡುಗಳು ಮಾರಾದಲ್ಲಿರುತ್ತವೆ, ಆದರೆ ಅವು ದಾಟುವುದು ತಮಗೆ ತೋಚಿದ ಕಡೆ, ತಮಗೆ ತೋಚಿದ ಗಳಿಗೆಯಲ್ಲಿ. ಸಾವಿರಾರು ಪ್ರಾಣಿಗಳು ದಡದಲ್ಲಿ ಮೂರು ಗಂಟೆ ನೂಕಾಡಿ, ಮುಂದಿನದೊಂದು ಬೆದರಿತೆಂದು ಎಲ್ಲವೂ ಹಿಂತಿರುಗಿ ಹೋದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಡೇರೆಯಿಂದ ಕಂಡರೆ ಅದು ನಿಮ್ಮ ಪುಣ್ಯ. ಅದಕ್ಕೆಂದೇ ಹೆಚ್ಚು ಹಣ ತೆರಬೇಡಿ. ಜಾಹೀರಾತು ಹೇಳದ ಇನ್ನೊಂದು ಮಾತೂ ಇದೆ. ಪ್ರತಿವರ್ಷ ಸರಾಸರಿ ಆರು ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್‌ಗಳು ಈ ನದಿಯಲ್ಲಿ ಮುಳುಗಿ ಸಾಯುತ್ತವೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಆ ಹೆಣಗಳು ತೇಲಿ ಬಂದು ಕೆಳಗಿನ ತಿರುವುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ರಣಹದ್ದುಗಳಿಗೂ ಮೊಸಳೆಗಳಿಗೂ ಅದು ಹಬ್ಬ. ಗಾಳಿ ಈ ಕಡೆ ತಿರುಗಿದರೆ ನಿಮ್ಮ ಊಟದ ಮೇಜಿಗೆ ಅದು ಹಬ್ಬವಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ, ಮೊದಲೇ ತಿಳಿದಿರಲೆಂದು ಹೇಳುತ್ತಿದ್ದೇನೆ.

ಖರ್ಚಿನ ಲೆಕ್ಕದಲ್ಲಿ ಪ್ರವೇಶ ಶುಲ್ಕವನ್ನು ಮರೆಯಬೇಡಿ. ವಿದೇಶಿ ವಯಸ್ಕರೊಬ್ಬರಿಗೆ ಮೀಸಲು ಪ್ರದೇಶದಲ್ಲಿ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್ ಎಂದು 2024ರಲ್ಲಿ ನಿಗದಿಯಾಗಿದೆ. ಶಿಬಿರದ ದರದಲ್ಲಿ ಅದು ಸೇರಿದೆಯೇ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಪ್ರಶ್ನೆ (ಮೈಸೂರಿನ ಸದಸ್ಯೆ):

ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ಶೌಚಾಲಯ ಡೇರೆಯೊಳಗೇ ಇದೆಯೆಂದು ಶಿಬಿರದವರು ಖಚಿತಪಡಿಸಿದರು. ಅತ್ತೆಯವರು ಮೊಟ್ಟೆಯನ್ನೂ ಮುಟ್ಟುವವರಲ್ಲ, ಬೆಳಿಗ್ಗೆ ಸ್ನಾನವಾಗದೆ ಕಾಫಿಯನ್ನೂ ಕುಡಿಯುವವರಲ್ಲ. ಅಲ್ಲಿ ಹೊಂದಿಕೊಳ್ಳುವುದು ಸಾಧ್ಯವೇ?

ಉತ್ತರ:

ಊಟದ ಚಿಂತೆ ಬೇಡ. ಕೀನ್ಯಾದಲ್ಲಿ ಭಾರತೀಯ ಮೂಲದವರು ತಲೆಮಾರುಗಳಿಂದ ನೆಲೆಸಿರುವುದರಿಂದ ಚಪಾತಿ, ಸಮೋಸ ಎಲ್ಲ ಅಲ್ಲಿಯ ಜನರ ದಿನದ ತಿಂಡಿಗಳೇ ಆಗಿಹೋಗಿವೆ. ‘ಉಗಾಲಿ’ ಎಂಬುದನ್ನು ಅತ್ತೆಯವರಿಗೆ ತಪ್ಪದೆ ತಿನ್ನಿಸಿ: ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯದು. ಜೊತೆಗೆ ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಪಲ್ಯ. ಮುದ್ದೆ ಉಂಡು ಬೆಳೆದವರಿಗೆ ಅದು ಸಪ್ಪೆಯೆನಿಸಬಹುದು, ಪರಕೀಯವೆನಿಸುವುದಿಲ್ಲ. ಒಂದು ಡಬ್ಬಿ ಚಟ್ನಿಪುಡಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಆ ಡಬ್ಬಿಯನ್ನು ಡೇರೆಯಲ್ಲಿಡದೆ ಅಡುಗೆಮನೆಗೆ ಒಪ್ಪಿಸಿ. ಒಮ್ಮೆ ಅರ್ಧ ಜಿಪ್ ಹಾಕಿ ಹೋಗಿದ್ದ ನನ್ನ ಡೇರೆಗೆ ಕೋತಿಗಳು ನುಗ್ಗಿ, ಊರಿಂದ ತಂದಿದ್ದ ಕೋಡುಬಳೆಯನ್ನೆಲ್ಲ ಮುಗಿಸಿ, ಹಲ್ಲುಜ್ಜುವ ಪೇಸ್ಟನ್ನೂ ರುಚಿ ನೋಡಿದ್ದವು. ತಪ್ಪು ನನ್ನದೇ. ಹಣ್ಣಿದ್ದರಂತೂ ಆನೆಯೇ ಮೂಸುತ್ತ ಬರುತ್ತದೆ.

ಸ್ನಾನಕ್ಕೆ ಚಿಕ್ಕ ಶಿಬಿರಗಳಲ್ಲಿ ಬಕೆಟ್ ಷವರ್ ಇರುತ್ತದೆ. ಸೌದೆ ಒಲೆಯಲ್ಲಿ ಕಾಯಿಸಿದ ಸುಮಾರು 20 ಲೀಟರ್ ನೀರನ್ನು ಡೇರೆಯ ಹಿಂದೆ ಹಗ್ಗದಿಂದ ಮೇಲಕ್ಕೆಳೆದು, ಹೊರಗಿನಿಂದಲೇ ‘ನೀರು ಸಿದ್ಧ’ ಎಂದು ಕೂಗುತ್ತಾರೆ. ಒಳಗೆ ಸರಪಳಿ ಎಳೆದರೆ ನೀರು ಸುರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಹಂಡೆಯಿಂದ ತೋಡಿ ಮಿಂದವರಿಗೆ ಅಷ್ಟು ನೀರು ಧಾರಾಳ. ಅತ್ತೆಯವರಿಗೆ ಒಂದು ಬಕೆಟ್ಟೂ ಚೊಂಬೂ ಪ್ರತ್ಯೇಕವಾಗಿ ಬೇಕೆಂದರೆ ಅದನ್ನೂ ಕೊಡುತ್ತಾರೆ. ಮಾರಾ ಸಮುದ್ರಮಟ್ಟದಿಂದ 1,500 ಮೀಟರಿಗೂ ಎತ್ತರದಲ್ಲಿರುವುದರಿಂದ ಆಗಸ್ಟ್‌ನ ಮುಂಜಾವು ಬಹಳ ತಣ್ಣಗಿರುತ್ತದೆ. ಸ್ವೆಟರು, ಟೊಪ್ಪಿ ಬೇಕೇಬೇಕು. ರಾತ್ರಿ ಹೊದಿಕೆಯೊಳಗೆ ಕಾಲಿಗೆ ಬೆಚ್ಚಗಿನ ಮೆತ್ತನೆಯದೇನೋ ತಗುಲಿದರೆ ಕಿರುಚಬೇಡವೆಂದು ಎಲ್ಲರಿಗೂ ಮೊದಲೇ ಹೇಳಿಡಿ. ಅದು ಅವರೇ ಇಟ್ಟುಹೋದ ಬಿಸಿನೀರಿನ ರಬ್ಬರ್ ಚೀಲ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):

ಚುಚ್ಚುಮದ್ದು, ಕಾಗದಪತ್ರ, ಸಾಮಾನುಗಳ ಬಗ್ಗೆಯೂ ದಯವಿಟ್ಟು ತಿಳಿಸಿ.

ಉತ್ತರ:

ಕೀನ್ಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಚುಚ್ಚುಮದ್ದು ಹಾಕಿಸಿ ಪ್ರಮಾಣಪತ್ರ ಪಡೆಯದಿದ್ದರೆ, ಭಾರತಕ್ಕೆ ಮರಳುವಾಗ ವಿಮಾನ ನಿಲ್ದಾಣದಿಂದಲೇ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಮೈಸೂರಿನ ಮೇಡಂ ಇದನ್ನು ವಿಶೇಷವಾಗಿ ಗಮನಿಸಬೇಕು: ಅರವತ್ತು ದಾಟಿದವರಿಗೆ ಮೊದಲ ಬಾರಿ ಈ ಚುಚ್ಚುಮದ್ದು ಕೊಡುವಾಗ ವೈದ್ಯರು ಹೆಚ್ಚಿನ ಎಚ್ಚರ ವಹಿಸುತ್ತಾರೆ. ಆದ್ದರಿಂದ ಮೊದಲು ಅತ್ತೆಯವರನ್ನು ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಮುಂಗಡ ಕಟ್ಟಿ. ಮಲೇರಿಯಾ ಮಾತ್ರೆಯನ್ನೂ ಆಗಲೇ ಬರೆಸಿಕೊಳ್ಳಿ. 2024ರ ಜನವರಿಯಿಂದ ವೀಸಾದ ಬದಲು ಆನ್‌ಲೈನ್ ಪ್ರವೇಶ ಅನುಮತಿ ಬಂದಿದೆ. ಕೊನೆಯ ದಿನದವರೆಗೆ ಕಾಯದೆ ಅರ್ಜಿ ಹಾಕಿ.

ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಚಿಕ್ಕ ವಿಮಾನದಲ್ಲಿ ಹೋಗುವುದಾದರೆ ಸಾಮಾನ್ಯವಾಗಿ ತಲೆಗೆ 15 ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಕಡುನೀಲಿ ಮತ್ತು ಕಪ್ಪು ಬಟ್ಟೆ ಕಚ್ಚುವ ತ್ಸೆತ್ಸೆ ನೊಣಗಳನ್ನು ಸೆಳೆಯುತ್ತವೆ, ಅವು ಬೇಡ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗಳು ಸಂರಕ್ಷಿತ ಪ್ರದೇಶದಲ್ಲಿ 2020ರಿಂದ ನಿಷಿದ್ಧ. ಸ್ಟೀಲಿನ ಬಾಟಲಿ ಒಯ್ಯಿರಿ. ಅಲ್ಲಿಯ ಪ್ಲಗ್ಗು ಮೂರು ಚೌಕ ಕಡ್ಡಿಗಳದು, ನಮ್ಮದು ಹೊಂದುವುದಿಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯೆ):

ಕೊನೆಯದೊಂದು ಸರ್. ಬೆಳಗಾದ ಮೇಲಾದರೂ ನೀರಿನ ಅಂಚಿಗೆ ಇಳಿಯಬಹುದೇ ಎಂದು ಮಗಳು ಕೇಳುತ್ತಿದ್ದಾಳೆ.

ಉತ್ತರ:

ಇಳಿಯುವ ಹಾಗಿಲ್ಲ ಮೇಡಂ, ಹಗಲಿನಲ್ಲೂ ಇಲ್ಲ. ಸ್ವಾಹಿಲಿಯಲ್ಲಿ ‘ಮಾಂಬಾ’ ಎಂದರೆ ಹಾವಲ್ಲ, ಮೊಸಳೆ. ಸಿಬ್ಬಂದಿ ಆ ಮಾತು ಹೇಳಿದರೆ ಅವಳಿಗೆ ತಿಳಿದಿರಲಿ. ಆದರೆ ದಡದ ಮೇಲೆ ಶಿಬಿರದವರೇ ಕುರ್ಚಿ ಹಾಕಿಟ್ಟ ಜಾಗವೊಂದು ಇರುತ್ತದೆ. ಅಲ್ಲಿ ಸೂರ್ಯೋದಯ ಆರೂವರೆಯ ಆಸುಪಾಸಿಗೆ. ಅದಕ್ಕೂ ಸ್ವಲ್ಪ ಮೊದಲು, ಮಬ್ಬಿನಲ್ಲಿ, ರಾತ್ರಿ ನಿಮ್ಮ ಡೇರೆಯ ಬಳಿ ಮೇಯ್ದ ನೀರಾನೆಗಳು ಅದೇ ಕೊರಕಲಿನಲ್ಲಿ ಒಂದೊಂದಾಗಿ ಇಳಿದು ನೀರು ಸೇರುತ್ತವೆ. ಬೆಳಿಗ್ಗೆ ಚಹಾ ತರುವವರಿಗೆ ‘ಆರಕ್ಕೇ ಎಬ್ಬಿಸಿ, ಅಸ್ಕಾರಿಯನ್ನು ಜೊತೆಗೆ ಕಳಿಸಿ’ ಎಂದು ಮೊದಲ ಸಂಜೆಯೇ ಹೇಳಿಡಿ.