ಗ್ರೀನ್ ಕಾರ್ಡ್ ಇರುವ ಅಪ್ಪ-ಅಮ್ಮನಿಗೆ ಮೆಡಿಕೇರ್ ಹೇಗೆ?

ಕಾವೇರಿತೀರ:
ಅಪ್ಪನಿಗೆ 68, ಅಮ್ಮನಿಗೆ 66. ಗ್ರೀನ್ ಕಾರ್ಡ್ ಮೇಲೆ ಅಮೆರಿಕಕ್ಕೆ ಬಂದು ಅಕ್ಟೋಬರ್‌ಗೆ ಐದು ವರ್ಷ ತುಂಬುತ್ತದೆ. ಇಬ್ಬರೂ ಇಲ್ಲಿ ಕೆಲಸ ಮಾಡಿಲ್ಲ. 65 ದಾಟಿದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಪುಕ್ಕಟೆ ಸಿಗುತ್ತದಾ? ಆದಾಯ ಇಲ್ಲವಲ್ಲ, ನೇರ ಮೆಡಿಕೇಡ್‌ಗೇ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ) ಅರ್ಜಿ ಹಾಕಬಹುದಾ?

ಬಯಲುಸೀಮೆ:
ಪುಕ್ಕಟೆ ಸಿಗುವುದು ಆಸ್ಪತ್ರೆ ವಾಸದ ಖರ್ಚು ನೋಡಿಕೊಳ್ಳುವ ಪಾರ್ಟ್ ಎ ಮಾತ್ರ. ಅದಕ್ಕೂ ತಾವು ಅಥವಾ ಗಂಡ/ಹೆಂಡತಿ 40 ಕ್ವಾರ್ಟರ್, ಅಂದರೆ ಸುಮಾರು 10 ವರ್ಷ, ಇಲ್ಲಿ ದುಡಿದು ತೆರಿಗೆ ಕಟ್ಟಿರಬೇಕು. ಮಕ್ಕಳು ಕಟ್ಟಿದ್ದು ಲೆಕ್ಕಕ್ಕಿಲ್ಲ.

ಐದು ವರ್ಷ ಸತತವಾಗಿ ವಾಸವಿದ್ದರೆ ದುಡ್ಡು ಕೊಟ್ಟು ಸೇರಬಹುದು. 2025ರ ದರದಲ್ಲಿ ತಿಂಗಳಿಗೆ ತಲಾ ಪಾರ್ಟ್ ಎ 518 ಡಾಲರ್, ಡಾಕ್ಟರ್ ಫೀಸು, ಟೆಸ್ಟುಗಳ ಪಾರ್ಟ್ ಬಿ 185 ಡಾಲರ್. ಇಬ್ಬರಿಗೆ 1,406 ಡಾಲರ್ ಆಯಿತು. ಬಿ ಒಂದನ್ನೇ ತೆಗೆದುಕೊಳ್ಳಬಹುದು, ಆದರೆ ಎ ಒಂದನ್ನೇ ಕೊಳ್ಳುವಂತಿಲ್ಲ. ಬಿ ಮಾತ್ರ ಇದ್ದರೆ ಆಸ್ಪತ್ರೆಗೆ ಅಡ್ಮಿಟ್ ಆದಾಗ ಬರುವ ದೊಡ್ಡ ಬಿಲ್ ನಿಮ್ಮ ತಲೆ ಮೇಲೆಯೇ.

ಐದು ವರ್ಷ ತುಂಬುವ ತಿಂಗಳು, ಅದರ ಹಿಂದಿನ ಮೂರು, ಮುಂದಿನ ಮೂರು, ಒಟ್ಟು ಏಳು ತಿಂಗಳಲ್ಲಿ ಸೋಶಿಯಲ್ ಸೆಕ್ಯುರಿಟಿ ಕಚೇರಿಯಲ್ಲಿ ಅರ್ಜಿ ಹಾಕಿ. ನಿಮಗೆ ಜುಲೈನಲ್ಲೇ ಶುರು. ಗ್ರೀನ್ ಕಾರ್ಡ್, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್, ವಾಸದ ದಾಖಲೆ ಜೊತೆಗಿರಲಿ. ಈ ಅವಧಿ ತಪ್ಪಿದರೆ ಜನವರಿ 1ರಿಂದ ಮಾರ್ಚ್ 31ರವರೆಗಿನ ನೋಂದಣಿಗೆ ಕಾಯಬೇಕು. ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಬಿ ಪ್ರೀಮಿಯಂ 10% ಏರುತ್ತದೆ, ಬಹುಮಟ್ಟಿಗೆ ಜೀವನಪರ್ಯಂತ.

ತುಂಗಭದ್ರಾ:
ಮೆಡಿಕೇಡ್ ಬಗ್ಗೆ: ಅದನ್ನು ನಡೆಸುವುದು ರಾಜ್ಯಗಳು, ಹಾಗಾಗಿ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಸಾಮಾನ್ಯವಾಗಿ ಅಲ್ಲೂ ಐದು ವರ್ಷ ಕಾಯಬೇಕು. 65 ದಾಟಿದವರಿಗೆ ಆದಾಯದ ಜೊತೆ ಬಹುತೇಕ ರಾಜ್ಯಗಳು ಆಸ್ತಿಯನ್ನೂ ನೋಡುತ್ತವೆ. ಊರಿನ ಪಿಂಚಣಿ, ಬ್ಯಾಂಕಿನ ಎಫ್‌ಡಿ, ಅಪ್ಪನ ಹೆಸರಲ್ಲಿರುವ ಸೈಟು ಎಲ್ಲವನ್ನೂ ಅರ್ಜಿಯಲ್ಲಿ ತೋರಿಸಲೇಬೇಕು. ಇನ್ನೊಂದು, ಸ್ಪಾನ್ಸರ್ ಆಗಿ ನೀವು, ಅವರ ಖರ್ಚು ನೋಡಿಕೊಳ್ಳುತ್ತೇನೆ ಎಂಬ ಐ-864 ಪತ್ರಕ್ಕೆ ಸಹಿ ಹಾಕಿದ್ದೀರಿ. ಅವರು ಪೌರತ್ವ ಪಡೆಯುವವರೆಗೆ ನಿಮ್ಮ ಆದಾಯವನ್ನೂ ಅವರದೆಂದೇ ಎಣಿಸಬಹುದು. ‘ಆದಾಯ ಇಲ್ಲ’ ಎಂದ ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ.

ನಿಮ್ಮ ರಾಜ್ಯದ ‘ಶಿಪ್’ (SHIP, ಮೆಡಿಕೇರ್ ಬಗ್ಗೆ ಮಾಹಿತಿ ಕೊಡುವ ಸರ್ಕಾರಿ ನೆರವು ಯೋಜನೆ) ಸಲಹೆಗಾರರನ್ನು ದಯವಿಟ್ಟು ಮೊದಲೇ ವಿಚಾರಿಸಿ. ಸಲಹೆ ಉಚಿತ, ಅವರು ಯಾವ ಪಾಲಿಸಿಯನ್ನೂ ಮಾರುವುದಿಲ್ಲ.

ಕಾವೇರಿತೀರ:
ತುಂಬಾ ಉಪಕಾರ ಆಯಿತು. ವರ್ಷಕ್ಕೆ ನಾಲ್ಕು ತಿಂಗಳು ಮೈಸೂರಿಗೆ ಹೋಗಿ ಬರುತ್ತಾರೆ. ಅದರಿಂದ ತೊಂದರೆಯೇ?

ಬಯಲುಸೀಮೆ:
ಆರು ತಿಂಗಳು ಮೀರಿ ಅಲ್ಲೇ ಉಳಿದರೆ ವಾಸ ಮುರಿಯಿತೇ ಎಂಬ ಪ್ರಶ್ನೆ ಏಳಬಹುದು, ಅದಕ್ಕೇ ಹೋಗಿ ಬಂದ ತಾರೀಖುಗಳ ಪಟ್ಟಿ ಇಟ್ಟುಕೊಳ್ಳಿ. ಮೈಸೂರಿನ ಆಸ್ಪತ್ರೆ ಬಿಲ್ಲನ್ನು ಮೆಡಿಕೇರ್ ಕೊಡುವುದಿಲ್ಲ. ಅಲ್ಲಿಗೆ ಬೇರೆ ವಿಮೆ ಬೇಕು. ಹಾಗೆಂದು ಊರಲ್ಲಿರುವಾಗ ಬಿ ಪ್ರೀಮಿಯಂ ಕಟ್ಟುವುದನ್ನು ನಿಲ್ಲಿಸಬೇಡಿ. ಒಮ್ಮೆ ರದ್ದಾದರೆ ಮತ್ತೆ ಜನವರಿವರೆಗೆ ಕಾಯಬೇಕಾಗುತ್ತದೆ.