ಸಹಾಯ ಬೇಕು: ಸಿಟ್ಟನ್ನು ತಡೆದ ಮೇಲೆ ಮುಂದೇನು?

ಎಲ್ಲರಿಗೂ ನಮಸ್ಕಾರ. ಅರ್ಮೇನಿಯಾದಲ್ಲಿ ಹುಟ್ಟಿ 1949ರಲ್ಲಿ ತೀರಿಕೊಂಡ ಆಧ್ಯಾತ್ಮಿಕ ಗುರು ಗುರ್ಜಿಯೆಫ್ ಅವರ ಸಾಧನೆಯ ದಾರಿ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ? ಸಿಟ್ಟು, ಅಸೂಯೆ, ಬೇಸರ ಬಂದಾಗ ಅದನ್ನು ಹೊರಗೆ ತೋರಿಸಬೇಡಿ, ಒಳಗೆ ಏನಾಗುತ್ತಿದೆ ಅಂತ ನೋಡಿ ಎನ್ನುವುದು ಅವರ ಪಾಠದಲ್ಲಿ ಒಂದು. ಕೆಲವು ತಿಂಗಳಿಂದ ಇದನ್ನು ಮಾಡುತ್ತಿದ್ದೇನೆ.

ಗುಣ ಕಾಣಿಸಿದೆ. ಮೀಟಿಂಗಿನಲ್ಲಿ ಯಾರೋ ಮಾತು ಅರ್ಧಕ್ಕೆ ಕತ್ತರಿಸುತ್ತಾರೆ. ಮೊದಲು ದವಡೆ ಬಿಗಿಯಾಗುತ್ತದೆ, ಆಮೇಲೆ ಕಿವಿ ಬಿಸಿ, ಕೊನೆಗೆ ಉತ್ತರ ನಾಲಿಗೆ ತುದಿಗೆ. ಈ ಸಾಲು ಈಗ ನನಗೆ ಸ್ಪಷ್ಟ. ದವಡೆಯ ಹಂತದಲ್ಲೇ ಗೊತ್ತಾದರೆ ಸುಮ್ಮನಿರುವುದು ಸುಲಭ. ಮನದ ಕೋಪ ಅರಿವಿನ ಕೇಡು ಅಂತ ಬಸವಣ್ಣನವರು 12ನೇ ಶತಮಾನದಲ್ಲೇ ಹೇಳಿದ್ದು ಈಗ ಮೈಗೆ ತಾಗುತ್ತಿದೆ.

ತೊಂದರೆ ಇರುವುದು ಆಮೇಲೆ. ಬಾಯಿ ಮುಚ್ಚಿರುತ್ತದೆ, ತಲೆಯೊಳಗೆ ಮಾತ್ರ ಅದೇ ಜಗಳ ಸಂಜೆಯವರೆಗೂ ನಡೆಯುತ್ತದೆ. ರಾತ್ರಿ ಹೆಗಲು ನೋವು, ನಿದ್ದೆ ಇಲ್ಲ. ಇದು ನೋಡುವುದಲ್ಲ, ಸುಮ್ನೆ ಅದುಮಿಡುವುದು ಅನ್ನಿಸುತ್ತದೆ. ಎರಡಕ್ಕೂ ವ್ಯತ್ಯಾಸ ಇದೆ ಅಲ್ವಾ? ಆ ಗಳಿಗೆಯಲ್ಲಿ ಅದನ್ನು ಹೇಗೆ ಗುರುತಿಸುತ್ತೀರಿ?

ಹತ್ತು ದಿನದ ವಿಪಶ್ಯನ ಶಿಬಿರ ಮಾಡಿದವರ ಮಾತು ಮುಖ್ಯವಾಗಿ ಬೇಕು. ಅಲ್ಲಿ ಮೈಮೇಲಿನ ಸಂವೇದನೆಯನ್ನೇ ನೋಡಲು ಕಲಿಸುತ್ತಾರೆ, ಶಿಬಿರದ ಬಹುಪಾಲು ದಿನ ಮೌನ. ಹೊರಗೆ ಬಂದ ಮೇಲೆ, ಮನೆಯವರು ಕೆಣಕಿದಾಗಲೂ ಅದು ನಿಮ್ಮ ಕೈ ಹಿಡಿಯಿತಾ? ನನಗೆ ಅದೇ ಜಾಸ್ತಿ ಮುಖ್ಯ.

ಇನ್ನೊಂದು. ನ್ಯಾಯವಾದ ಸಿಟ್ಟನ್ನು ಏನು ಮಾಡುತ್ತೀರಿ? ಕಣ್ಣೆದುರು ಅನ್ಯಾಯ ನಡೆದಾಗ ಮಾತಾಡಲೇಬೇಕು ಎಂಬುದು ನನ್ನ ನಂಬಿಕೆ. ಒಳಗೆ ಶಾಂತವಾಗಿದ್ದು ಗಟ್ಟಿಯಾಗಿ ಹೇಳುವುದು ನಿಮಗೆ ಸಾಧ್ಯವಾಗಿದ್ದರೆ, ಹೇಗೆ ಅಂತ ದಯವಿಟ್ಟು ವಿವರವಾಗಿ ಬರೆಯಿರಿ.