ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ಆಫ್‌ಲೈನ್: ಐಪಿ ವಿಳಾಸ ಕಾಯಂ ಮಾಡುವುದು ಹೇಗೆ?

ಮೂಡಿಗೆರೆ_ಜೆರಾಕ್ಸ್:
ಮೂಡಿಗೆರೆಯಲ್ಲಿ ನನ್ನದು ಜೆರಾಕ್ಸ್, ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ವೈಫೈ ಲೇಸರ್ ಪ್ರಿಂಟರ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ? ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದರೆ ಮುಗಿಯಿತು. ಕರೆಂಟ್ ಬಂದ ಮೇಲೆ ರೂಟರ್ ದೀಪ ಉರಿಯುತ್ತದೆ, ಪ್ರಿಂಟರೂ ಆನ್ ಇರುತ್ತದೆ. ಕಂಪ್ಯೂಟರ್ ಮಾತ್ರ 'ಆಫ್‌ಲೈನ್' ಅನ್ನುತ್ತದೆ. ಪಹಣಿ ತೆಗೆಸಲು ಬಂದವರು ಒದ್ದೆ ಕೊಡೆ ಹಿಡಿದು ನನ್ನ ಮುಖ ನೋಡುತ್ತಾ ನಿಲ್ಲುತ್ತಾರೆ. ಪ್ರಿಂಟರ್ ತೆಗೆದು ಹೊಸದಾಗಿ ಸೇರಿಸಿದರೆ ಸರಿಹೋಗುತ್ತದೆ, ಮತ್ತೆ ಕರೆಂಟ್ ಹೋಗುವವರೆಗೆ. ನೆಟ್ ಹಾಕಿದವರು 'ಪ್ರಿಂಟರ್ ನಮ್ಮದಲ್ಲ' ಅಂತಾರೆ. ಪ್ರಿಂಟರ್ ಮಾರಿದವರು 'ನೆಟ್ ನಮ್ಮದಲ್ಲ' ಅಂತಾರೆ. ಪ್ರಿಂಟರ್ ಪರದೆಯಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ನಂಬರ್, ಮೊನ್ನೆ 192.168.1.7 ಇತ್ತು, ಇವತ್ತು 192.168.1.12. ಇದನ್ನು ಒಂದೇ ಕಡೆ ನಿಲ್ಲಿಸೋಕೆ ಆಗುತ್ತದಾ?

ಹಾಸನ_ಕೇಬಲ್:
ಆಗುತ್ತದೆ. ಕಾರಣವನ್ನು ನೀವೇ ಬರೆದಿದ್ದೀರಿ, 7 ಹೋಗಿ 12 ಆಗಿದೆ. ವಿಳಾಸ ಹಂಚುವುದು ರೂಟರ್‌ನ ಡಿಎಚ್‌ಸಿಪಿ ಅನ್ನುವ ವ್ಯವಸ್ಥೆ. ಕರೆಂಟ್ ಹೋದರೆ ಎಷ್ಟೋ ರೂಟರ್‌ಗಳು ಯಾರಿಗೆ ಏನು ಕೊಟ್ಟಿದ್ದೆ ಅನ್ನುವುದನ್ನೇ ಮರೆಯುತ್ತವೆ. ಮೊದಲು ಎದ್ದ ಫೋನಿಗೆ 7 ಸಿಕ್ಕಿರುತ್ತದೆ, ವಿಂಡೋಸ್ ಸುಮ್ನೆ ಅದಕ್ಕೇ ಪ್ರಿಂಟ್ ಕಳಿಸುತ್ತಾ ಕೂರುತ್ತದೆ.

ಪ್ರಿಂಟರ್‌ನಿಂದ ನೆಟ್‌ವರ್ಕ್ ಕಾನ್ಫಿಗರೇಶನ್ ಪೇಜ್ ತೆಗೆಯಿರಿ. ಅದರಲ್ಲಿ ಮ್ಯಾಕ್ ಅಡ್ರೆಸ್ ಇರುತ್ತದೆ, ಪ್ರಿಂಟರನ್ನು ಗುರುತಿಸುವ 12 ಅಕ್ಷರ-ಅಂಕಿಗಳದ್ದು. ವೈಫೈಗೆ ಒಂದು, ಕೇಬಲ್‌ಗೆ ಇನ್ನೊಂದು ಇರಬಹುದು, ನಿಮಗೆ ಬೇಕಾದ್ದು ವೈಫೈಯದು. ಆಮೇಲೆ ಬ್ರೌಸರ್‌ನಲ್ಲಿ 192.168.1.1 ತೆರೆದು ಡಿಎಚ್‌ಸಿಪಿ ಪುಟದಲ್ಲಿ 'ಅಡ್ರೆಸ್ ರಿಸರ್ವೇಶನ್' (ಒಂದು ನಂಬರನ್ನು ಒಬ್ಬರಿಗೇ ಕಾಯ್ದಿರಿಸುವುದು) ಹುಡುಕಿ. ಆ ಮ್ಯಾಕ್‌ಗೆ 192.168.1.50 ಅಂತ ಬರೆದು, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕೊನೆಗೆ ಎರಡೂ ಕಂಪ್ಯೂಟರ್‌ನಲ್ಲಿ ಪ್ರಿಂಟರ್ ಪ್ರಾಪರ್ಟೀಸ್, ಪೋರ್ಟ್ಸ್‌ಗೆ ಹೋಗಿ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಸೇರಿಸಿ ಅದೇ ನಂಬರ್ ಕೊಡಿ. ವಿಂಡೋಸ್ ತಾನಾಗಿ ಹಾಕಿಕೊಳ್ಳುವ ಡಬ್ಲ್ಯುಎಸ್‌ಡಿ ಪೋರ್ಟ್ ನಂಬಬೇಡಿ.

ಕಾಫಿ_ಕಣ:
ಇಷ್ಟೆಲ್ಲ ಯಾಕೆ? ಪ್ರಿಂಟರ್ ಮೆನುವಿನಲ್ಲೇ 'ಮ್ಯಾನುಯಲ್' ಇಟ್ಟು ಐಪಿ ಹಾಕಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ (ರೂಟರ್ ವಿಳಾಸ) 192.168.1.1. ಚಿಕ್ಕಮಗಳೂರಿನ ನಮ್ಮ ಆಫೀಸಿನಲ್ಲಿ ಹೀಗೇ ಇದೆ.

ಹಾಸನ_ಕೇಬಲ್:
ಅದೂ ನಡೆಯುತ್ತದೆ, ಆದರೆ ರೂಟರ್ ಹಂಚುವ ಸಾಲಿನ ಹೊರಗಿನ ನಂಬರ್ ಆಗಿರಬೇಕು. ಇಲ್ಲದಿದ್ದರೆ ಒಂದೇ ವಿಳಾಸ ಇಬ್ಬರಿಗೆ ಬಂದು ಜಗಳ. ಇನ್ನೊಂದು ತಕರಾರು: ಸಿಡಿಲಿಗೆ ರೂಟರ್ ಸುಟ್ಟು ಹೊಸದು ಬಂದರೆ ಅದು 192.168.0.1 ಇರಬಹುದು. ಆಗ ಪ್ರಿಂಟರ್ ಹಳೇ ಸಾಲಿನಲ್ಲೇ ಉಳಿದು ಯಾರ ಕೈಗೂ ಸಿಗುವುದಿಲ್ಲ. ಮಲೆನಾಡಿಗೆ ರಿಸರ್ವೇಶನ್ನೇ ವಾಸಿ ಅಂತ ನನ್ನ ಮತ.

ಮೂಡಿಗೆರೆ_ಜೆರಾಕ್ಸ್:
50 ಕೊಟ್ಟೆ. ಬೇಕಂತಲೇ ಮೇನ್ ಸ್ವಿಚ್ ಆಫ್ ಮಾಡಿ ಹಾಕಿದೆ, ನಂಬರ್ ಕದಲಲಿಲ್ಲ! ಆದರೆ ಒಂದು ಕಂಪ್ಯೂಟರ್ ಇನ್ನೂ ಆಫ್‌ಲೈನ್ ಅನ್ನುತ್ತಿದೆ. ಅದರಿಂದ ಪ್ರಿಂಟರ್‌ಗೆ ಪಿಂಗ್ ಮಾಡಿದರೆ (ಸಂಪರ್ಕ ಇದೆಯಾ ಅಂತ ಪರೀಕ್ಷಿಸಿದರೆ) ಉತ್ತರ ಬರುತ್ತದೆ.

ಹಾಸನ_ಕೇಬಲ್:
ಆ ಕಂಪ್ಯೂಟರ್‌ನ ಪೋರ್ಟ್ಸ್‌ನಲ್ಲಿ 'ಕಾನ್ಫಿಗರ್ ಪೋರ್ಟ್' ಒಳಗೆ 'ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್' ಟಿಕ್ ತೆಗೆಯಿರಿ. ಎಸ್‌ಎನ್‌ಎಂಪಿ ಮೂಲಕ ವಿಂಡೋಸ್ ಪ್ರಿಂಟರ್ ಸ್ಥಿತಿ ಕೇಳುತ್ತದೆ, ಉತ್ತರ ಸಿಗದಿದ್ದರೆ ಆಫ್‌ಲೈನ್ ಅಂದುಬಿಡುತ್ತದೆ.

ಮೂಡಿಗೆರೆ_ಜೆರಾಕ್ಸ್:
ತೆಗೆದೆ, ಪ್ರಿಂಟ್ ಬಂತು. ಸ್ಕ್ಯಾನ್ ಮಾಡಿದ್ದನ್ನು ಕಂಪ್ಯೂಟರ್ ಫೋಲ್ಡರ್‌ಗೆ ಕಳಿಸುವುದೂ ಹೀಗೇ ಕೈಕೊಡುತ್ತಿತ್ತು, ಅದಕ್ಕೇನು ಮಾಡಲಿ?

ಹಾಸನ_ಕೇಬಲ್:
ಅಲ್ಲಿ ಪ್ರಿಂಟರ್ ಕಂಪ್ಯೂಟರನ್ನು ಹುಡುಕುತ್ತದೆ. ಫೋಲ್ಡರ್ ಇರುವ ಕಂಪ್ಯೂಟರಿಗೂ ಒಂದು ನಂಬರ್ ರಿಸರ್ವ್ ಮಾಡಿ, 51 ಕೊಡಿ. ಪ್ರಿಂಟರ್ ಅಡ್ರೆಸ್ ಬುಕ್‌ನಲ್ಲೂ ಅದನ್ನೇ ಬರೆಯಿರಿ.